ರೆಕ್ಕೆಯೊಳಗಿನ ಗುರುತು

ಮಲಪ್ರಭೆಯ ದಂಡೆಯ ಮೇಲೆ ಒಂದು ದೊಡ್ಡ ತಗಡಿನ ಶೆಡ್ಡು ಇತ್ತು. ವಿಮಾನವನ್ನು ಇಮಾನ ಅನ್ನುವ ಊರವರು ಅದಕ್ಕೆ ಇಮಾನದ ಮಠ ಅನ್ನುತ್ತಿದ್ದರು. ಗದ್ದುಗೆ ಇಲ್ಲ, ಗಂಟೆ ಇಲ್ಲ, ಪ್ರಸಾದವಂತೂ ಮೊದಲೇ ಇಲ್ಲ. ಇದ್ದವರು ಚನಮಲ್ಲಪ್ಪಜ್ಜ ಒಬ್ಬರೇ.

ಅಜ್ಜ ಮೂವತ್ತು ವರ್ಷ ವಾಯುಪಡೆಯಲ್ಲಿ ವಿಮಾನಗಳ ಮೈಗೆ ತಗಡು ಕೂರಿಸುವ ಕೆಲಸ ಮಾಡಿದವರು. ನಿವೃತ್ತಿಯಾದ ಮೇಲೆ ಎಲ್ಲರಂತೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುವುದು ಬಿಟ್ಟು, ಒಬ್ಬ ಮನುಷ್ಯ ಕೈಯಾರೆ ಕಟ್ಟಿಕೊಳ್ಳಬಹುದಾದ ಎರಡು ಸೀಟಿನ ಸಣ್ಣ ವಿಮಾನವನ್ನು ಕಟ್ಟಲು ಕಲಿಸತೊಡಗಿದರು. ಹದಿನೆಂಟು ವರ್ಷದಲ್ಲಿ ಕಲಿತು, ಕಟ್ಟಿ, ಹಾರಿಸಿದವರು ಇಬ್ಬರೇ. ಅರ್ಧಕ್ಕೆ ಕಾಲು ಕಿತ್ತವರ ಹೆಸರು ಅಜ್ಜನಿಗೂ ನೆನಪಿಲ್ಲ.

ಒಂದು ಬೆಳಿಗ್ಗೆ ಕಮಲಾಕ್ಷಿ ಪತ್ತಾರ ಅಲ್ಲಿಗೆ ಬಂದಳು. ವಯಸ್ಸು ಮೂವತ್ತಾರು, ಜಾತಿಯಿಂದಲೂ ಕೆಲಸದಿಂದಲೂ ಅಕ್ಕಸಾಲಿ. ಅಪ್ಪ ತೀರಿಕೊಂಡ ಮೇಲೆ ಪೇಟೆಯಲ್ಲಿನ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಅವಳು ಬಂದಿಳಿದ ಟಂಟಂ ಗಾಡಿಯಲ್ಲಿ ಒಂದು ಕಬ್ಬಿಣದ ಟ್ರಂಕೂ ಇತ್ತು.

ಯಾಕೆ ಬಂದೆ ಎಂದು ಅಜ್ಜ ಕೇಳಿದರು. ಈ ಪ್ರಶ್ನೆಗೆ ಹಿಂದೆ ಬಂದವರು ಚೆಂದಚೆಂದದ ಉತ್ತರ ಕೊಟ್ಟಿದ್ದರು. ಒಬ್ಬನಿಗೆ ಹಕ್ಕಿಯಾಗಬೇಕಿತ್ತು, ಇನ್ನೊಬ್ಬನಿಗೆ ಪೇಪರಿನಲ್ಲಿ ಫೋಟೋ ಬರಬೇಕಿತ್ತು.

"ಹುಟ್ಟಿದಾಗಿಂದ ಗುಂಜಿ ತೂಕ ತೂಗಕೋತ ಬಂದೇನ್ರಿ ಅಜ್ಜಾರ," ಅಂದಳು ಕಮಲಾಕ್ಷಿ. "ಮುನ್ನೂರು ಕಿಲೋದ್ದು ಅದ್ಹೆಂಗ ಮ್ಯಾಲ ಹೋಗತೈತಿ ಅಂತ ತಿಳೀಬೇಕಾಗೇತಿ."

ಅಜ್ಜನಿಗೆ ಉತ್ತರ ಹಿಡಿಸಿತು. ಆದರೆ ಹಿಡಿಸಿತು ಎಂದು ಹೇಳುವ ಚಾಳಿ ಅವರಿಗಿರಲಿಲ್ಲ.

ಅವಳನ್ನು ಶೆಡ್ಡಿನ ಮೂಲೆಗೆ ಕರೆದೊಯ್ದರು. ಅಲ್ಲಿ ಕಂದು ಕಾಗದ ಸುತ್ತಿದ ಅಲ್ಯೂಮಿನಿಯಂ ತಗಡುಗಳು ಒಂದರ ಮೇಲೊಂದು ಮಲಗಿದ್ದವು.

"ಒಂದ ಇಮಾನಕ್ಕಾಗುವಷ್ಟ ಐತಿ," ಅಂದರು. "ಮತ್ತ ತರಸಬೇಕಂದ್ರ ವರ್ಷಗಟ್ಲೆ ಕಾಯಬೇಕು. ನನಗ ಎಪ್ಪತ್ತೆಂಟು. ಹಿಂಗಾಗಿ ರೆಕ್ಕೀದು ಒಂದು ತಗಡು ಕೆಡಿಸಿದಿ ಅಂದ್ರ, ಕೆಲಸ ಅಲ್ಲಿಗೆ ನಿಂತಂಗ. ಒಪ್ಪಿಗಿ ಐತೇನು?"

ಕಮಲಾಕ್ಷಿ ಒಪ್ಪಿದಳು. ಒಪ್ಪುವಾಗ ಎಲ್ಲರೂ ಶೂರರೇ.

ಆಮೇಲೆ ಟ್ರಂಕು ತೆರೆದು ತೋರಿಸಿದಳು. ಕಂಪ್ಯೂಟರಿನಲ್ಲಿ ಹುಡುಕಿ, ಯಾರೋ ಪರದೇಶದವರು ಬರೆದ ಪಟ್ಟಿಯನ್ನು ಮುಂದಿಟ್ಟುಕೊಂಡು, ಒಂದನ್ನೂ ಬಿಡದೆ ತರಿಸಿದ್ದಳು. ಡ್ರಿಲ್ಲು ಮೂರು ನಮೂನೆ, ತಗಡು ಕತ್ತರಿಸುವ ಕತ್ತರಿ ಐದು ನಮೂನೆ, ಇಕ್ಕಳ, ಅರ, ಅಳತೆಪಟ್ಟಿ, ಹೆಸರೇ ಗೊತ್ತಿಲ್ಲದ ಎಷ್ಟೋ ಹತ್ಯಾರ. ಎಲ್ಲವೂ ಹೊಸ ಮದುಮಗಳಂತೆ ಹೊಳೆಯುತ್ತಿದ್ದವು. ಒಂದು ಮೂಲೆಯಲ್ಲಿ ಅವಳ ಅಪ್ಪನ ಹಳೆಯ ಬಟ್ಟೆಯ ಚೀಲವೂ ಇತ್ತು.

ಇದರಲ್ಲಿ ಯಾವುದು ಬೇಕು, ಯಾವುದು ಬೇಡ, ಆರಿಸಿಕೊಡಿ ಎಂದು ಅವಳು ಕೇಳಿದಳು.

ಅಜ್ಜ ಹೆಗಲ ಮೇಲಿನ ಟವೆಲು ತೆಗೆದು ಅವಳ ಕಣ್ಣಿಗೆ ಕಟ್ಟಿದರು. ಟ್ರಂಕಿನಿಂದ ಒಂದೊಂದನ್ನೇ ತೆಗೆದು ಅವಳ ಕೈಗಿಟ್ಟು, ಇದು ಏನು ಮಾಡುತ್ತದೆ ಹೇಳು ಅಂದರು.

ಕಮಲಾಕ್ಷಿ ಮೊದಲನೆಯದನ್ನು ತಿರುವಿ ಮುರುವಿ ತಡವಿದಳು. ಗೊತ್ತಾಗಲಿಲ್ಲ. ಎರಡನೆಯದೂ ಗೊತ್ತಾಗಲಿಲ್ಲ. ಏಳೆಂಟು ಆದ ಮೇಲೆ ಅವಳ ಕಿವಿ ಬಿಸಿಯಾಯಿತು.

ಕೊನೆಗೆ ಕೈಗೆ ಬಂದದ್ದು ಒಂದು ಪುಟ್ಟ ಸುತ್ತಿಗೆ. ಅದನ್ನು ಮುಟ್ಟಿದ ಕೂಡಲೇ ಅವಳ ಬೆರಳು ತಾವಾಗಿಯೇ ಹಿಡಿಗೆ ಹೊಂದಿಕೊಂಡವು. ಅಪ್ಪನ ಸುತ್ತಿಗೆ. ಅದರ ಹಿಂದೆ ಅಪ್ಪನ ಅರ, ಅಪ್ಪನ ಚಿಮ್ಮಟ, ಬಂಗಾರದ ಮೇಲೆ ಗೀರು ಹಾಕುವ ಅಪ್ಪನ ಉಕ್ಕಿನ ಸೂಜಿ. ನಾಲ್ಕನ್ನೂ ತಡವರಿಸದೆ ಹೇಳಿದಳು.

ಅಜ್ಜ ಟವೆಲು ಬಿಚ್ಚಿದರು. ನಾಲ್ಕು ಹತ್ಯಾರ ಮೇಜಿನ ಮೇಲಿದ್ದವು. ಟ್ರಂಕು ಮತ್ತೆ ಬೀಗ ಹಾಕಿಕೊಂಡಿತ್ತು.

"ಇವು ನಿನ್ನ ಮಂದಿ. ಉಳಿದವು ಬೀಗರು," ಅಂದರು. "ಎಲ್ಲಾರನ್ನೂ ಒಮ್ಮೆಲೇ ಒಳಗ ಕರದ್ರ ಯಾರಿಗೆ ಏನು ಬಡಸಬೇಕು ಅಂತ ತಿಳಿಯಂಗಿಲ್ಲ. ಹಸಿವಿ ಆದಾಗ ಒಂದೊಂದ ಕೇಳು."

ಹಾಗೆ ಟ್ರಂಕು ಅಟ್ಟ ಏರಿತು. ಕೀಲಿ ಅಜ್ಜನ ಉಡಿದಾರಕ್ಕೆ ಬಿತ್ತು.

ಮೊದಲ ಹಸಿವು ತೂತಿನದು. ಎರಡು ತಗಡುಗಳನ್ನು ಕೂಡಿಸಬೇಕೆಂದರೆ ತೂತು ಬೇಕು. ಅವಳು ಕರೆಂಟಿನ ಡ್ರಿಲ್ಲು ಕೇಳಿದಳು. ಅಜ್ಜ ತಮ್ಮ ಹಳೆಯ ಕೈತಿರುಗಣೆ ಡ್ರಿಲ್ಲು ಕೊಟ್ಟು, ಹಳೇ ಚೂರು ತಗಡಿನಲ್ಲಿ ನೂರು ತೂತು ಹಾಕು ಅಂದರು.

ನೂರರಲ್ಲಿ ನಲವತ್ತು ಸೊಟ್ಟಗಾದವು. ಕೈ ಡ್ರಿಲ್ಲಿನ ಮೂತಿ ಅಲುಗುತ್ತದೆ, ಅದಕ್ಕೇ ಹೀಗೆ ಎಂದು ಅವಳು ದೂರಿದಳು.

ಅಜ್ಜ ಅದೇ ಡ್ರಿಲ್ಲು ಇಸಿದುಕೊಂಡು, ಪಕ್ಕದಲ್ಲಿಯೇ ಒಂದು ತೂತು ಹಾಕಿದರು. ಅದು ಬಾವಿಯಂತೆ ನೆಟ್ಟಗಿತ್ತು.

"ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದಿದ್ಳಂತ," ಎಂದು ಹೇಳಿ ಚಹಾ ಕಾಸಲು ಹೋದರು.

ಮುನ್ನೂರನೆಯ ತೂತಿನ ಹೊತ್ತಿಗೆ ಅವಳಿಗೆ ಒಂದು ಸಂಗತಿ ಗೊತ್ತಾಯಿತು. ತೂತು ಆಚೆಬದಿ ತಲುಪುವ ಮುಂಚೆ ತಿರುಗಣೆ ಒಂದು ಗಳಿಗೆ ಹಗುರಾಗುತ್ತದೆ. ಆಗ ಕೈ ಸಡಿಲ ಬಿಟ್ಟರೆ ತೂತು ದುಂಡಗೆ ಬರುತ್ತದೆ. ಇದನ್ನು ಅವಳು ಓಡಿಬಂದು ಹೇಳಿದಳು. ಅಜ್ಜ ಸೊಂಟದಿಂದ ಕೀಲಿ ತೆಗೆದು, ಅಟ್ಟ ಹತ್ತಿ, ಕರೆಂಟಿನ ಡ್ರಿಲ್ಲು ಇಳಿಸಿಕೊಟ್ಟರು.

ಹೀಗೆ ಒಂದೊಂದೇ ಬೀಗರು ಇಳಿದರು. ತೂತಿನ ಅಂಚಿನಲ್ಲಿ ಬೆರಳಿಗೆ ಚುಚ್ಚುವ ಮುಳ್ಳು ಉಳಿಯುತ್ತದೆ, ಅದನ್ನು ಏನು ಮಾಡಲಿ ಎಂದು ಕೇಳಿದಳು. ಡ್ರಿಲ್ಲಿನ ಮೂತಿಗೆ ಹಾಕುವ ಒಂದು ದಪ್ಪ ಡ್ರಿಲ್ಲುಮೊಳೆ ಬಂತು, ಬೆರಳಲ್ಲಿ ಹಿಡಿದು ಒಂದೇ ಸುತ್ತು ತಿರುಗಿಸಲು. ಎರಡು ತಗಡು ಜಾರದಂತೆ ಹಿಡಿಯಲು ನಮ್ಮಲ್ಲಿ ಸಣ್ಣ ತಂತಿ ಕಟ್ಟುತ್ತೇವೆ, ಇಲ್ಲೇನು ಎಂದು ಕೇಳಿದಳು. ತೂತಿಗೆ ತೂರಿಸುವ ಸ್ಪ್ರಿಂಗಿನ ಪಿನ್ನುಗಳು ಬಂದವು. ಪ್ರಶ್ನೆ ಮೊದಲು, ಹತ್ಯಾರ ಆಮೇಲೆ.

ಅವಳಿಗೆ ಪ್ರಶ್ನೆಗಳ ಬರವೇನೂ ಇರಲಿಲ್ಲ. ತಗಡಿನ ಮೂಲೆಯನ್ನು ಚೂಪಗೆ ಬಿಡದೆ ಯಾಕೆ ದುಂಡಗೆ ಅರೆಯಬೇಕು? ಎರಡು ತಗಡು ಕೂಡಿಸಿ ಬಡಿಯುವ ರಿವೆಟ್ಟಿನ ತಲೆ ಇಷ್ಟೇ ದಪ್ಪ ಯಾಕೆ? ರೆಕ್ಕೆಯ ಮೇಲ್ಭಾಗ ಉಬ್ಬು, ಕೆಳಭಾಗ ಚಪ್ಪಟೆ, ಯಾಕೆ? ಕೆಲವಕ್ಕೆ ಅಜ್ಜ ಉತ್ತರ ಕೊಟ್ಟರು. ಕೆಲವಕ್ಕೆ ಹೊಳೆಯ ಕಡೆ ನೋಡುತ್ತ ಕೂತರು, ಅವಳೇ ಕಂಡುಕೊಳ್ಳುವ ತನಕ.

ಒಂದು ದಿನ ಅಜ್ಜನಿಗೆ ನಗು ತಡೆಯಲಾಗಲಿಲ್ಲ. ಕಮಲಾಕ್ಷಿ ತಗಡಿನ ಅಂಚು ಅರೆಯುವಾಗ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿದ್ದಳು. ಉದುರಿದ ಪುಡಿಯನ್ನೆಲ್ಲ ಕುಂಚದಿಂದ ಗುಡಿಸಿ ಡಬ್ಬಿಗೆ ತುಂಬುತ್ತಿದ್ದಳು. ಅಕ್ಕಸಾಲಿಯ ಕೈಗೆ ಪುಡಿ ಚೆಲ್ಲಿ ಗೊತ್ತಿಲ್ಲ. ಆರು ತಿಂಗಳ ಪುಡಿ ಡಬ್ಬಿಯಲ್ಲಿತ್ತು.

ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡಲಾರ ಎಂಬುದು ಹಳೇ ಗಾದೆ, ಈಗ ಅಜ್ಜನ ತಗಡಿಗೂ ಸಂಚಕಾರ ಬಂತು ಎಂದು ಅಜ್ಜ ಕಾಡಿಸಿದರು. ಇದನ್ನಿಟ್ಟುಕೊಂಡು ಏನು ಮಾಡುತ್ತೀ ಎಂದು ಕೇಳಿದರು.

ಅವಳು ನಾಚಿಕೊಂಡಳು. "ನಮ್ಮಲ್ಲಿ ಏನೂ ಕೆಡಂಗಿಲ್ರಿ. ಬಳಿ ಸರಿ ಬರಲಿಲ್ಲಂದ್ರ ಮೂಸಿಗೆ ಹಾಕಿ ಕರಗಸ್ತೀವಿ. ಮತ್ತ ಬಳಿ ಮಾಡತೀವಿ."

"ಬಂಗಾರ ಹಡದವ್ವ ಇದ್ದಂಗ," ಅಂದರು ಅಜ್ಜ. "ನೂರು ತಪ್ಪು ಮಾಡಿದ್ರೂ ಮತ್ತ ಉಡಿಯಾಗ ಹಾಕೋತೈತಿ. ಇದು ಹಂಗಲ್ಲ ತಂಗಿ."

ಹಂಗಲ್ಲ ಅಂದರೆ ಹೇಗೆ ಎಂದು ಅವಳು ಕೇಳಿದಳು. ಅಜ್ಜ ಹೊಳೆಯ ಕಡೆ ನೋಡಿದರು.

ಅದು ಗೊತ್ತಾದದ್ದು ಬಾಲದ ಕೆಲಸ ಶುರುವಾದಾಗ. ಒಂದು ಅಭ್ಯಾಸದ ತುಂಡು ಮಾಡು ಎಂದು ಅಜ್ಜ ಅಂಗೈಯಗಲದ ತಗಡು ಕೊಟ್ಟಿದ್ದರು. ಕಮಲಾಕ್ಷಿ ಅಪ್ಪನ ಸೂಜಿಯಿಂದ ಅದರ ಮೇಲೆ ಕೂದಲೆಳೆಯಂಥ ಗೆರೆ ಎಳೆದಳು. ಗೆರೆಗೆ ಸರಿಯಾಗಿ ಬಗ್ಗಿಸಿದಳು. ಬಾಗು ಎಷ್ಟು ಚೊಕ್ಕವಾಗಿ ಬಂದಿತ್ತೆಂದರೆ ಅವಳಿಗೇ ದೃಷ್ಟಿ ತೆಗೆಯಬೇಕು ಅನಿಸಿತು.

ಅಜ್ಜ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಆ ತುಂಡಿನ ಒಂದು ಬದಿಯನ್ನು ಶೆಡ್ಡಿನ ಬಾಗಿಲ ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದರು. ಹೊಳೆಯ ಗಾಳಿಗೆ ಅದು ಪಟಪಟ ಬಡಿದುಕೊಳ್ಳುತ್ತಿತ್ತು.

ಯಾಕೆ ಎಂದು ಕೇಳಿದರೆ, "ನೋಡ್ಕೋತ ಇರು," ಅಂದರು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಇಲ್ಲ. ಐದನೆಯ ದಿನ ಅವಳು ಬಂದು ನೋಡಿದರೆ ಅರ್ಧ ತುಂಡು ನೆಲದ ಮೇಲಿತ್ತು. ಕತ್ತರಿಯಿಂದ ಕತ್ತರಿಸಿದಂತೆ, ಅವಳು ಸೂಜಿಯಿಂದ ಗೀರಿದ ಗೆರೆಯಗುಂಟ ಮುರಿದಿತ್ತು.

ಕಮಲಾಕ್ಷಿ ಆ ತುಂಡಿನ ಮುರಿದ ಅಂಚಿನ ಮೇಲೆ ಬೆರಳಾಡಿಸಿದಳು. ಸೂಜಿಯಿಂದ ಗೀರದೆ ತಗಡು ಕತ್ತರಿಸುವುದು ಹೇಗೆ ಎಂದು ಕೇಳಿದಳು.

ಅಜ್ಜ ಅಂಗಿಯ ಜೇಬಿನಿಂದ ಒಂದು ಸ್ಕೆಚ್ ಪೆನ್ನು ತೆಗೆದು ಕೊಟ್ಟರು. ಶಾಲೆಯ ಮಕ್ಕಳು ಬಣ್ಣ ತುಂಬುವಂಥದ್ದು, ಹಸಿರು ಬಣ್ಣದ್ದು.

ಅವಳಿಗೆ ಸ್ವಲ್ಪ ಅವಮಾನವೇ ಆಯಿತು. ಮೂರು ತಲೆಮಾರಿನ ಸೂಜಿಯ ಜಾಗಕ್ಕೆ ಇದೇ? ಹಾಗಾದರೆ ಅಪ್ಪನ ಸೂಜಿಯನ್ನು ಬಿಸಾಡಬೇಕೇ ಎಂದು ಕೇಳಿದಳು.

"ನಾ ಯಾಕ ಬಿಸಾಡಂತ ಹೇಳಲಿ?" ಅಂದರು ಅಜ್ಜ. "ಅದು ಕೆಟ್ಟದ್ದಲ್ಲ. ಆರಸೂದು ನಿನ್ನ ಕೆಲಸ."

ಅವಳು ಸೂಜಿಯನ್ನು ಪೇಟೆಯ ಅಂಗಡಿಗೆ ಒಯ್ದು ಇಟ್ಟಳು. ಬಂಗಾರದ ಜೊತೆ ಅದು ಅಲ್ಲಿ ಸುಖವಾಗಿತ್ತು.

ವರ್ಷ ಒಂದಾಯಿತು, ಒಂದೂವರೆಯಾಯಿತು. ಬಾಲ ಮುಗಿಯಿತು. ರೆಕ್ಕೆಗಳು ಎದ್ದವು. ಅಟ್ಟದ ಟ್ರಂಕಿನಲ್ಲಿ ಅರ್ಧಕ್ಕರ್ಧ ಹತ್ಯಾರ ಇನ್ನೂ ಹಾಗೇ ಇದ್ದವು, ಅವುಗಳ ಹಸಿವೇ ಆಗಿರಲಿಲ್ಲ.

ರಿವೆಟ್ಟು ಬಡಿಯುವ ಕೆಲಸಕ್ಕೆ ಮಾತ್ರ ಇಬ್ಬರು ಬೇಕು. ತಗಡಿನ ಈಚೆ ಒಬ್ಬರು ಗಾಳಿಯ ಗನ್ನಿನಿಂದ ಹೊಡೆಯಬೇಕು, ಆಚೆ ಇನ್ನೊಬ್ಬರು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹೊಡೆಯುವವರು ರಿವೆಟ್ಟಿನ ಇತ್ತಿನ ತಲೆ ನೋಡುತ್ತಾರೆ, ಹಿಡಿದವರು ಅತ್ತಿನ ಬಾಲ ನೋಡುತ್ತಾರೆ. ನಡುವಿನ ನಂಬಿಕೆಯ ಮೇಲೆ ರಿವೆಟ್ಟು ಕೂರುತ್ತದೆ. ಕಮಲಾಕ್ಷಿ ಹೊಡೆಯುತ್ತಿದ್ದಳು, ಅಜ್ಜ ಹಿಡಿಯುತ್ತಿದ್ದರು. ಆ ದಿನಗಳಲ್ಲಿ ಇಬ್ಬರೂ ಬಹಳ ಸಂತೋಷವಾಗಿದ್ದರು.

ಹೀಗಿರಲು ನವರಾತ್ರಿ ಬಂತು. ಖಂಡೇಪೂಜೆಯ ದಿನ ಎಲ್ಲ ಕಸುಬಿನವರೂ ತಮ್ಮ ಹತ್ಯಾರ ಪೂಜೆ ಮಾಡುತ್ತಾರೆ. ಕಮಲಾಕ್ಷಿ ಅಂಗಡಿಯಿಂದ ಅಪ್ಪನ ಸೂಜಿಯನ್ನೂ ತಂದಳು. ಡ್ರಿಲ್ಲು, ಗನ್ನು, ಕತ್ತರಿ, ಸೂಜಿ ಎಲ್ಲವನ್ನೂ ಸಾಲಾಗಿಟ್ಟು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಕಾಯಿ ಒಡೆದಳು. ಅಜ್ಜ ಕೈ ಮುಗಿದು, ಎರಡು ಹೋಳಿಗೆ ತಿಂದು, ಮಲಗಲು ಮನೆಗೆ ಹೋದರು.

ಪತ್ತಾರರ ಮನೆಯಲ್ಲಿ ಎರಡು ರೂಢಿಗಳಿದ್ದವು.

ಒಂದು, ಪೂಜೆಯಾದ ಹತ್ಯಾರವನ್ನು ಬರಿದೇ ತೆಗೆದಿಡಬಾರದು. ಅದರಿಂದ ಅಂದೇ ಎಳ್ಳಷ್ಟಾದರೂ ಕೆಲಸ ಮಾಡಿಸಬೇಕು.

ಇನ್ನೊಂದು, ಮಾಡಿದ ಪ್ರತಿ ಒಡವೆಯ ಒಳಮೈಯಲ್ಲಿ, ಯಾರಿಗೂ ಕಾಣದ ಕಡೆ, ಮನೆತನದ ಗುರುತು ಹಾಕಬೇಕು. ಇವರದು ಬಿಲ್ವದೆಲೆ. ಮೂರು ಗೀರು, ಒಂದು ತೊಟ್ಟು. ಗುರುತಿಲ್ಲದ ಒಡವೆ ಹೆಸರಿಡದ ಕೂಸಿದ್ದಂತೆ ಎಂದು ಅವಳ ಅಪ್ಪ ಹೇಳುತ್ತಿದ್ದರು.

ಎಡರೆಕ್ಕೆಯ ಕೊನೆಯ ತಗಡು ಮೇಜಿನ ಮೇಲೆ ಅಂಗಾತ ಮಲಗಿತ್ತು. ನಾಳೆ ಅದನ್ನು ರೆಕ್ಕೆಗೆ ಹೊದಿಸಿ ಮುಚ್ಚಬೇಕು. ಮುಚ್ಚಿದ ಮೇಲೆ ಅದರ ಒಳಮೈ ಮತ್ತೆಂದೂ ಬೆಳಕು ಕಾಣುವುದಿಲ್ಲ.

ಕಮಲಾಕ್ಷಿ ಸೂಜಿ ಎತ್ತಿಕೊಂಡಳು. ಬಾಗಿಲಲ್ಲಿ ಮುರಿದ ತುಂಡು ಅವಳಿಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಅದು ಬಾಗಿನ ಮೇಲಿನ ಗೀರು, ಇದು ನಟ್ಟನಡುವೆ. ಅದು ಉದ್ದದ ಗೆರೆ, ಇದು ಹೆಸರುಕಾಳಿನಷ್ಟು. ಮನಸ್ಸು ಒಂದು ಕೆಲಸ ಮಾಡಬೇಕೆಂದು ಹಟ ಹಿಡಿದರೆ ಅದಕ್ಕೆ ವಕೀಲರು ಬೇಕಿಲ್ಲ.

ಅಪ್ಪನಿಗೆ ಇದನ್ನು ನೋಡಲು ಆಗಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು. ಮೂರು ಗೀರು, ಒಂದು ತೊಟ್ಟು. ಮರುದಿನ ತಗಡು ಮುಚ್ಚಿದರು. ತೊಂಬತ್ತೆರಡು ರಿವೆಟ್ಟುಗಳು ಕೂತವು. ರೆಕ್ಕೆಯ ಒಳಗೆ ಕೈ ಹಾಕುವ ಕಿಂಡಿಯಿಂದ ಅಜ್ಜ ಕಬ್ಬಿಣದ ಗಟ್ಟಿ ಹಿಡಿದಿದ್ದರು. ಅಲ್ಲಿ ಕೈ ಮಾತ್ರ ಹೋಗುತ್ತಿತ್ತು, ಗುರುತು ಅವರ ಕಣ್ಣಿಗೆ ಬೀಳುವಂತಿರಲಿಲ್ಲ.

ಹತ್ತು ದಿನ ಚೆನ್ನಾಗಿಯೇ ಕಳೆದವು. ಹನ್ನೊಂದನೆಯ ದಿನ, ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ ಅವಳು ಸುಮ್ಮನೆ ಕೇಳುವಂತೆ ಕೇಳಿದಳು.

"ಅಜ್ಜಾರ, ಗೀರು ಎಷ್ಟು ಆಳ ಇದ್ರ ತಗಡು ಸೀಳತೈತ್ರಿ?"

ಅಜ್ಜ ಶೇಂಗಾ ಚಟ್ನಿ ಬಳಿದು ತಿಂದು, ಕೈ ತೊಳೆದು, ಬಚ್ಚಲಿನಿಂದ ಒಂದು ಶಾಂಪೂ ಪಾಕೀಟು ತಂದರು. ಅದರ ಅಂಚಿನಲ್ಲಿ ಹರಿಯಲೆಂದು ಇರುವ ಸಣ್ಣ ಕಚ್ಚು ಇರುತ್ತದಲ್ಲ, ಆ ಅಂಚನ್ನು ಕತ್ತರಿಯಿಂದ ಹುಷಾರಾಗಿ ಕತ್ತರಿಸಿ ತೆಗೆದರು. ಹರಿ ಎಂದು ಅವಳ ಕೈಗೆ ಕೊಟ್ಟರು.

ಕಮಲಾಕ್ಷಿ ಎಳೆದಳು. ಹರಿಯಲಿಲ್ಲ. ಹಲ್ಲು ಕಚ್ಚಿ ಎಳೆದಳು. ಪಾಕೀಟು ಹಿಗ್ಗಿತೇ ಹೊರತು ಹರಿಯಲಿಲ್ಲ.

ಅಜ್ಜ ಅದನ್ನು ಇಸಿದುಕೊಂಡು ಅಂಚಿಗೆ ಉಗುರಿನಿಂದ ಒಂದು ಸಲ ಒತ್ತಿದರು. ಮತ್ತೆ ಕೊಟ್ಟರು. ಈ ಸಲ ಎಳೆಯುವ ಮುಂಚೆಯೇ ಬಾಯಿ ಬಿಟ್ಟಿತು.

ಅಜ್ಜ ಎದ್ದು ಹೋದರು. ಅವಳ ಕೈಯೆಲ್ಲ ಶಾಂಪೂ ಆಗಿತ್ತು.

ಆಮೇಲಿನ ಮೂರು ದಿನ ಕಮಲಾಕ್ಷಿಗೆ ಊಟ ಸೇರಲಿಲ್ಲ. ತಗಡು ಬಿಚ್ಚಿದರೆ ತಗಡು ಹೋಯಿತು. ರೆಕ್ಕೆಯ ತಗಡು ಹೋದರೆ ಕೆಲಸ ನಿಂತಂತೆ, ಅದು ಮೊದಲ ದಿನದ ಕರಾರು. ಒಂದೂವರೆ ವರ್ಷದ ದುಡಿಮೆ, ಎರಡು ರೆಕ್ಕೆ, ಒಂದು ಬಾಲ, ಎಲ್ಲವೂ ಶೆಡ್ಡಿನ ಮೂಲೆಯಲ್ಲಿ ಧೂಳು ತಿನ್ನುತ್ತವೆ. ಪೇಟೆಯಲ್ಲಿ ಅವಳ ಅವ್ವ ಯುಗಾದಿಯ ಹೊತ್ತಿಗೆ ಮಗಳು ಹಾರುತ್ತಾಳೆ ಎಂದು ಓಣಿಗೆಲ್ಲ ಹೇಳಿಯಾಗಿತ್ತು.

ಬಿಚ್ಚದಿದ್ದರೆ? ಯಾರಿಗೂ ಗೊತ್ತಾಗುವುದಿಲ್ಲ. ಬಹುಶಃ ಏನೂ ಆಗುವುದೂ ಇಲ್ಲ. ಆ ಬಹುಶಃ ಅನ್ನುವುದು ಮಾತ್ರ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕೂತಿತ್ತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ನಾಲ್ಕನೆಯ ದಿನ ಅವಳು ಬೇಗ ಬಂದಳು. ಗೋಡೆಯಲ್ಲಿ ತೂಗುಹಾಕಿದ್ದ ಹತ್ಯಾರಗಳ ಮುಂದೆ ನಿಂತಳು. ಈಗ ಕಣ್ಣು ಕಟ್ಟಿದರೂ ಪ್ರತಿಯೊಂದೂ ಅವಳಿಗೆ ಗೊತ್ತಿತ್ತು. ಸಣ್ಣ ಡ್ರಿಲ್ಲನ್ನು ಆರಿಸಿಕೊಂಡಳು, ಅದಕ್ಕೆ ರಿವೆಟ್ಟಿನ ಅಳತೆಯ ಡ್ರಿಲ್ಲುಮೊಳೆ ಹಾಕಿದಳು. ಎಡರೆಕ್ಕೆಯ ಹತ್ತಿರ ಹೋಗಿ ಮೊದಲ ರಿವೆಟ್ಟಿನ ತಲೆ ಕೊರೆದು ತೆಗೆದಳು.

ಇಪ್ಪತ್ತನೆಯ ರಿವೆಟ್ಟಿನ ಹೊತ್ತಿಗೆ ಅಜ್ಜ ಬಂದರು. ಬಾಗಿಲಲ್ಲಿ ನಿಂತು ನೋಡಿದರು. ತಡೆಯಲಿಲ್ಲ, ಕೈಜೋಡಿಸಲೂ ಇಲ್ಲ. ಒಂದು ಸ್ಟೂಲು ಎಳೆದುಕೊಂಡು ಕೂತರು.

ತೊಂಬತ್ತೆರಡೂ ಮುಗಿಯುವಷ್ಟರಲ್ಲಿ ಬಿಸಿಲೇರಿತ್ತು. ಅವಸರಕ್ಕೆ ಅಲ್ಲಲ್ಲಿ ತೂತು ದೊಡ್ಡದಾಗಿ, ತಗಡು ಇನ್ನು ಯಾವ ಕೆಲಸಕ್ಕೂ ಬಾರದಂತಾಗಿತ್ತು. ಕಮಲಾಕ್ಷಿ ಅದನ್ನು ಎತ್ತಿ ತಂದು ಅಜ್ಜನ ತೊಡೆಯ ಮೇಲೆ ಮಗುಚಿ ಇಟ್ಟಳು.

"ನಾನ ಗೀರಿದ್ದು," ಅಂದಳು. "ಖಂಡೇಪೂಜಿ ದಿವಸ. ಗೊತ್ತಿದ್ದ ಮಾಡೇನ್ರಿ."

ಅಜ್ಜ ಕನ್ನಡಕ ಏರಿಸಿಕೊಂಡು ನೋಡಿದರು. ತಗಡನ್ನು ಬೆಳಕಿಗೆ ಓರೆ ಮಾಡಿ, ಆ ಹೆಸರುಕಾಳಿನಷ್ಟು ಎಲೆಯನ್ನು ಬಹಳ ಹೊತ್ತು ನೋಡಿದರು. ಇದು ಯಾರ ಗುರುತು ಎಂದು ಕೇಳಿದರು. ಅಪ್ಪನದು ಎಂದು ಅವಳು ಹೇಳಿದಳು.

"ಕೈ ಚಲೋ ಐತಿ," ಅಂದರು ಅಜ್ಜ.

ಆ ಮಾತು ಕೇಳಿ ಅವಳಿಗೆ ಅಳು ಬಂತು. ಒಂದೂವರೆ ವರ್ಷದಲ್ಲಿ ಅಜ್ಜ ಅವಳನ್ನು ಹೊಗಳಿದ್ದು ಅದೇ ಮೊದಲು, ಅದೂ ಮಾಡಬಾರದ ಕೆಲಸಕ್ಕೆ.

ಕಣ್ಣೊರೆಸಿಕೊಂಡು ಒಂದು ಪ್ರಶ್ನೆ ಕೇಳಿದಳು. ಕೇಳದೆ ಇರಲು ಅವಳಿಂದ ಸಾಧ್ಯವಿರಲಿಲ್ಲ.

"ಬಿಟ್ಟಿದ್ರ ಮುರೀತಿತ್ತೇನ್ರಿ?"

"ಗೊತ್ತಿಲ್ಲ," ಅಂದರು ಅಜ್ಜ.

ಅವರು ತಗಡನ್ನು ಗೋಡೆಗೆ ಆನಿಸಿಟ್ಟರು. ಅಳತೆಪಟ್ಟಿ ತೆಗೆದುಕೊಂಡು, ರೆಕ್ಕೆಯ ಬಯಲಾದ ಎಲುಬುಗಳ ಮೇಲೆ ಉದ್ದ ಅಗಲ ಹಿಡಿದು, ಒಂದು ಕಾಗದದಲ್ಲಿ ಬರೆದುಕೊಳ್ಳತೊಡಗಿದರು. ಒಂದು ತಗಡಿಗೆ ಬೇಕಾಗುವಷ್ಟು ಅಳತೆ. ಕೆಳಗೆ ತಗಡು ಕಳಿಸುವವರ ವಿಳಾಸ.

ಕಮಲಾಕ್ಷಿಗೆ ಏನೂ ತಿಳಿಯಲಿಲ್ಲ. ರೆಕ್ಕೆಯ ತಗಡು ಕೆಟ್ಟರೆ ಕೆಲಸ ನಿಂತಂತೆ ಎಂದು ನೀವೇ ಹೇಳಿದ್ದಿರಿ ಎಂದು ನೆನಪಿಸಿದಳು. ಹೇಳಿದ್ದೆ ಎಂದು ಅಜ್ಜ ಒಪ್ಪಿಕೊಂಡರು, ಬರೆಯುವುದನ್ನು ನಿಲ್ಲಿಸದೆ. ಹೊಸದು ಬರಲು ವರ್ಷ ಬೇಕು ಎಂದೂ ಹೇಳಿದ್ದಿರಿ ಅಂದಳು. ಅದೂ ಹೌದು ಅಂದರು.

"ಹಂಗಾರ ಇದೇನ್ರಿ ಅಜ್ಜಾರ?"

ಅಜ್ಜ ಕಾಗದ ಮಡಚಿ ಜೇಬಿಗಿಟ್ಟರು. ಇನ್ನೂ ತಗಡು ಹೊದಿಸ‍ದ ವಿಮಾನದ ಹೊಟ್ಟೆಯ ಹತ್ತಿರ ಹೋಗಿ, ಒಳಗೆ ಇಣುಕಿದರು. ಸೀಟುಗಳ ಜಾಗ ಖಾಲಿ ಇತ್ತು.

"ಮೊದಲಿನ ಇಬ್ಬರೂ ಕರದಿದ್ರು, ಬಾಜೂಕ ಕುಂದರಬರ್‍ರಿ ಅಂತ," ಅಂದರು. "ಎರಡೂ ಸಲ ನಾ ಕೆಳಗ ನಿಂತು ಕೈ ಬೀಸೇನಿ. ಅವರ ರೆಕ್ಕಿಯೊಳಗ ಏನೈತಿ ಅಂತ ನನಗ ಗೊತ್ತಿರಲಿಲ್ಲ."

ಅಜ್ಜ ಆ ಹೊಟ್ಟೆಯ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಒಮ್ಮೆ ಒತ್ತಿ ನೋಡಿದರು.

"ಎರಡನೇ ಸೀಟು ನನ್ನ ತೂಕಕ್ಕ ಮಾಡವ್ವಾ. ಐವತ್ತೆಂಟು ಕಿಲೋ ಅದೇನಿ."